ಮಾಲಿನಿಯ ಬ್ಯಾಗು ಹೊತ್ತು ಚೆನ್ನೈನಲ್ಲಿ ನಾಲ್ಕು ದಿನ

ಮೈಲಾಪುರ, ಚೆನ್ನೈ
22 ಫೆಬ್ರವರಿ 2025, ಶನಿವಾರ

ನನ್ನ ಮುದ್ದು ಮಾಲಿನಿಗೆ,

ಅಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ, ಕಾಲುಗಳು ಮಾತ್ರ ಚೆನ್ನಾಗಿಲ್ಲ. ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ. ಮಂಗಳವಾರ ನೀನು ಫೋನಿನಲ್ಲಿ "ಅದೆಲ್ಲಿಗಮ್ಮ ಒಂಟಿದ್ದೀಯಾ, ಒಬ್ಳೇ?" ಎಂದು ಕೇಳಿದಾಗ, "ಹೋಗಿ ಕಾಗ್ದ ಬರೀತೀನಿ ಬಿಡು" ಎಂದಿದ್ದೆ. ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ನೀನು ನಕ್ಕೆ. ಬಂದ ದಿನವೇ ಬರೆಯಬೇಕಿತ್ತು. ಮೊದಲ ದಿನ ಪೆನ್ನು ಹಿಡಿದವಳು ಹಾಗೇ ನಿದ್ದೆ ಹೋದೆ. ಎರಡನೇ ದಿನ ಬರೆದು ಹರಿದು ಹಾಕಿದೆ. ನಿನ್ನೆಯೂ ಹರಿದೆ. ತಡವಾದದ್ದಕ್ಕೆ ಕ್ಷಮಿಸು. ನೀನು ಎಂಟನೇ ಕ್ಲಾಸಿನ ತನಕ ಕನ್ನಡ ಸ್ಕೂಲಿನಲ್ಲಿ ಓದಿ ಆಮೇಲೆ ತಮಿಳಿಗೆ ಹೋದವಳು. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಅಪ್ಪನ ಹತ್ತಿರ ಓದಿಸಿಕೊಳ್ಳಲು ಹೋಗಬೇಡ. ಇದು ನಿನಗೊಬ್ಬಳಿಗೆ.

ನಾನೀಗ ಕೂತಿರುವುದು ನಿನಗೆ ಗೊತ್ತಿರುವ ಜಾಗದಲ್ಲೇ. ಮೈಲಾಪುರದ ಗಲ್ಲಿಯಲ್ಲಿ ಹಳದಿ ಗೇಟಿನ ಆ ಹಾಸ್ಟೆಲು, ಮಹಡಿಯ ಹೆಣ್ಣುಮಕ್ಕಳ ರೂಮು, ಕಿಟಕಿ ಪಕ್ಕದ ಕೆಳಗಿನ ಮಂಚ. ಬೆನ್ನಿಗೆ ಚೀಲ ಏರಿಸಿಕೊಂಡು ದೇಶ ಸುತ್ತುವವರು ಇಳಿದುಕೊಳ್ಳುವ ಕಡೆ, ನಲವತ್ತೊಂಬತ್ತು ವರ್ಷದ ನಿನ್ನ ತಾಯಿ! ತಂದಿರುವುದು ನಿನ್ನ ನೀಲಿ ಬ್ಯಾಗು. ಅಟ್ಟದ ಮೇಲೆ ಈರುಳ್ಳಿ ಮೂಟೆಯ ಹಿಂದೆ ಎಂಟು ತಿಂಗಳಿನಿಂದ ಬಿದ್ದಿತ್ತು. ನಿನ್ನನ್ನು ಕೇಳದೆ ತಂದೆ, ಅದಕ್ಕೆ ಬೇಕಾದರೆ ಬೈದುಕೋ.

ಯಾಕೆ ಬಂದೆ ಎಂದು ಸುತ್ತಿ ಬಳಸದೆ ಹೇಳುತ್ತೇನೆ. ಮಾರ್ಚ್ ಐದಕ್ಕೆ ನಿನ್ನ ಎಲೆಯಡಿಕೆ ಶಾಸ್ತ್ರ. ಸೂಳಗಿರಿಯ ಕಿರಣ್‌ಕುಮಾರ್ ಕೆಟ್ಟ ಹುಡುಗನಲ್ಲ, ಅವರ ಮನೆಯವರೂ ಗೌರವಸ್ಥರು. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಒಪ್ಪಿಗೆಯಾ ಎಂದು ಕೇಳಿದಾಗ ನೀನು "ಆಗ್ಲಿ ಬುಡಮ್ಮ" ಎಂದೆಯಲ್ಲ, ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಓವರ್‌ಟೈಮ್ ಮಾಡ್ತೀಯಾ ಎಂದರೆ ಹೇಳುವಂತೆ ಹೇಳಿದೆ. ಆ ಮಾತು ಇನ್ನೂ ನನ್ನ ಕಿವಿಯಲ್ಲೇ ಇದೆ. ಹೋದ ಜೂನ್‌ನಲ್ಲಿ ನೀನು ಇದೇ ಹಾಸ್ಟೆಲಿಗೆ ಬಂದು, ಮೂರು ದಿನ ಪ್ರವಾಸಿಗಳನ್ನು ನಡೆಸಿಕೊಂಡು ಊರು ತೋರಿಸಿ, ಈ ಕೆಲಸ ಸಿಕ್ಕರೆ ಸಾಕು ಎಂದು ಕುಣಿಯುತ್ತಾ ಮನೆಗೆ ಬಂದೆ. ಹತ್ತು ದಿನದಲ್ಲಿ ಫೋನ್ ಮಾಡಿ ಹೇಳುತ್ತೇವೆ ಎಂದಿದ್ದರಂತೆ, ನೀನು ಆಷಾಢವೆಲ್ಲ ಕಾದೆ. ಕಾದು ಸುಮ್ಮನಾದೆ. ಆಮೇಲೆ ಕಂಪನಿ ಬಸ್ಸು ದೂರ ಎಂದು ನೆಪ ಹೇಳಿ ಹೊಸೂರಿನ ಪಿಜಿಗೆ ಹೋಗ್ಬುಟ್ಟೆ. ನೀನು ಏನನ್ನು ಕಳೆದುಕೊಂಡೆ ಎಂಬುದನ್ನು ಒಂದು ಸಲ ಕಣ್ಣಾರೆ ನೋಡದೆ ನಿನ್ನ ಎಲೆಯಡಿಕೆ ತಟ್ಟೆ ಹಿಡಿಯುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡು ಬಂದೆ.

ಹದಿನಾಲ್ಕನೇ ತಾರೀಖಿನ ರೋಜಾ ಗಡಿಬಿಡಿ ಮುಗಿಯುವ ತನಕ ತೋಟದಲ್ಲಿ ಯಾರಿಗೂ ರಜೆಯಿಲ್ಲ, ನಿನಗೆ ಗೊತ್ತಲ್ಲ. ಪ್ರೀತಿ ಮಾಡುವವರೆಲ್ಲ ಒಂದೇ ದಿನ ಮಾಡುತ್ತಾರೆ, ಕಡ್ಡಿ ಅಳೆದು ಕಟ್ಟು ಕಟ್ಟಿ ನಮ್ಮ ಬೆರಳು ಸಾಯುತ್ತವೆ. ಅದು ಮುಗಿದ ಮೇಲೆ ಮ್ಯಾನೇಜರ್ ಹತ್ತಿರ ರಜೆ ಕೇಳಿದೆ. ಬುಧವಾರ ಬೆಳಿಗ್ಗೆ ಹೊರಡುವಾಗ ನಿಮ್ಮಪ್ಪ ಬಾಗಿಲಿಗೆ ಅಡ್ಡ ನಿಂತು, "ಅಲ್ಲಾ ಕಣೆ ಆದಿ, ಈ ವಯಸ್ನಾಗೆ ಬೆನ್ನಿಗೆ ಮೂಟೆ ಕಟ್ಕೊಂಡು ಎಲ್ಲಿಗೆ ಒಂಟೆ? ಜನ ಏನಂದಾರು?" ಎಂದರು. "ಆದಿಲಕ್ಷ್ಮಿ ಸಮುದ್ರ ನೋಡಾಕೆ ಹೋದ್ಳು ಅಂತಾರೆ" ಎಂದೆ. ಅವರು ಒಳಗೆ ಹೋಗಿ ಹುರಿಹಿಟ್ಟಿನ ಡಬ್ಬ ತಂದು ಬ್ಯಾಗಿಗೆ ತುರುಕಿದರು. ನಿಮ್ಮಪ್ಪನ ಪ್ರೀತಿ ಯಾವತ್ತೂ ಹೀಗೇ, ಬಾಯಿಂದ ಬರುವುದಿಲ್ಲ. ಬಸ್‌ಸ್ಟಾಪಿನಲ್ಲಿ ದೊಡ್ಡಮುನಿಯಮ್ಮ ಸಿಕ್ಕಿ, "ಏನಮ್ಮೀ ಅದು, ಟಮೋಟ ಗಿಡಕ್ಕೆ ಔಸ್ದಿ ಹೊಡ್ಯಾ ಮಿಷಿನ್ನಾ?" ಎಂದು ಬ್ಯಾಗನ್ನು ತಟ್ಟಿ ನೋಡಿದಳು. ಹೌದು ಎಂದುಬಿಟ್ಟೆ. ಇಲ್ಲವೆಂದರೆ ಬಸ್ಸು ತಪ್ಪಿ ಹೋಗುತ್ತಿತ್ತು.

ಸೂಳಗಿರಿ, ಕೃಷ್ಣಗಿರಿ, ವಾಣಿಯಂಬಾಡಿ, ವೇಲೂರು. ಊಟದ ಹೊತ್ತಿಗೆಲ್ಲ ಚೆನ್ನೈ. ಇಳಿದ ಕೂಡಲೇ ಬಿಸಿಲು ಒದ್ದೆ ಕಂಬಳಿ ಹೊದಿಸಿದ ಹಾಗೆ ಮೈಮೇಲೆ ಬಿತ್ತು. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಬ್ಯಾಗಿನ ಪಕ್ಕದ ಜೇಬಿನಲ್ಲಿ ನಿನ್ನ ಚಿಕ್ಕ ನೋಟ್‌ಬುಕ್ ಇತ್ತು, ಅದನ್ನು ತೆಗೆದೆ. ಅರ್ಧ ಕನ್ನಡ, ಅರ್ಧ ತಮಿಳು, ನಡುನಡುವೆ ಇಂಗ್ಲಿಷು. "ಮುಂಭಾಗ ಪಿಂಕ್ ಬಣ್ಣ ಇರೋ ಬಸ್ಸು ಹತ್ತಿ, ಹೆಂಗಸರಿಗೆ ಟಿಕೆಟ್ ಇಲ್ಲ. ಕಂಡಕ್ಟರ್ ನಗದಿದ್ದರೂ ನೀವು ನಗಿ." ಹಾಗೇ ಮಾಡಿದೆ. ಕಂಡಕ್ಟರ್ ನಗಲಿಲ್ಲ, ನಾನು ನಕ್ಕೆ. ನಿಂತುಕೊಂಡೇ ಮೈಲಾಪುರದ ತನಕ ಬಂದೆ. ಬೆನ್ನಿನ ಬ್ಯಾಗು ಇಬ್ಬರು ಗಂಡಸರಿಗೆ ಗುದ್ದಿತು, ಇಬ್ಬರೂ ಜಾಗ ಬಿಟ್ಟರು.

ಆ ಪುಸ್ತಕದ ಬಗ್ಗೆ ನಿನಗೆ ಹೇಳಬೇಕು, ಮಾಲಿನಿ. ನಾನು ಅದನ್ನು ಖರ್ಚಿನ ಪುಸ್ತಕ ಎಂದುಕೊಂಡಿದ್ದೆ. ಈ ನಾಲ್ಕು ದಿನ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಊರೆಲ್ಲ ಸುತ್ತಿದೆ. ಯಾವ ಕಾರ್ಪೊರೇಷನ್ ಕ್ಯಾಂಟೀನಿನಲ್ಲಿ ಒಂದು ರೂಪಾಯಿಯ ಇಡ್ಲಿ ಬಿಸಿಯಾಗಿರುತ್ತದೆ, ದೇವಸ್ಥಾನದ ಕೊಳದ ಯಾವ ಮೆಟ್ಟಿಲಿಗೆ ಮಧ್ಯಾಹ್ನ ನೆರಳು ಬರುತ್ತದೆ, ಯಾವ ಅಂಗಡಿಯವರು ಬಾಟಲಿಗೆ ಪುಕ್ಕಟೆ ನೀರು ತುಂಬಿಸಿ ಕೊಡುತ್ತಾರೆ, ಎಲ್ಲ ಬರೆದಿಟ್ಟಿದ್ದೀಯ. "ಲೈಟ್‌ಹೌಸ್ ಮೇಲೆ ಗಾಳಿ ಜೋರು, ಸೀರೆಯವರು ಸೆರಗು ಸಿಕ್ಕಿಸಿಕೊಳ್ಳಿ." ನೀನು ಸೀರೆ ಉಡುವವಳಲ್ಲ, ಆದರೂ ಸೀರೆಯವರ ಬಗ್ಗೆ ಯೋಚಿಸಿದ್ದೀಯ. ಮೇಲೆ ಹತ್ತಿದಾಗ ನಿಜವಾಗಿಯೂ ಸೆರಗು ಹಾರಿತು. ನಿನ್ನ ಮಾತು ಕೇಳಿ ಸಿಕ್ಕಿಸಿಕೊಂಡಿದ್ದರಿಂದ ಮಾನ ಉಳಿಯಿತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಲೋಕವನ್ನು ಇಷ್ಟು ಗಮನವಿಟ್ಟು ನೋಡುತ್ತಾಳೆ ಎಂದು ನನಗೆ ಗೊತ್ತೇ ಇರಲಿಲ್ಲ.

ಸಮುದ್ರ ನೋಡಿದ್ದು ಮೊದಲ ದಿನ ಸಂಜೆ. ಕೆಲವರಪಳ್ಳಿ ಡ್ಯಾಮು ತುಂಬಿದಾಗ ನೋಡಿ, ಸಮುದ್ರ ಅಂದರೆ ಇದಕ್ಕಿಂತ ಒಂದು ನಾಲ್ಕು ಪಾಲು ದೊಡ್ಡದಿರಬೇಕು ಎಂದುಕೊಂಡಿದ್ದೆ. ಮರಳಿನ ಮೇಲೆ ನಡೆದೆ, ನಡೆದೆ, ಅಂಗಡಿ ಸಾಲು ದಾಟಿದೆ, ಆಮೇಲೆ ಎದುರಿಗೆ ಏನೂ ಇಲ್ಲ. ಬೇಲಿಯಿಲ್ಲ, ಗುಡ್ಡವಿಲ್ಲ, ಆಚೆ ದಡದಲ್ಲಿ ಒಂದು ಮರವಿಲ್ಲ. ಎಲ್ಲರೂ ಕೈಮುಗಿಯುತ್ತಾರಂತೆ, ಅಳುತ್ತಾರಂತೆ. ನನಗೆ ಸಿಟ್ಟು ಬಂತು ಕಣೆ. ಇಷ್ಟು ದೊಡ್ಡದನ್ನು ಬಸ್ಸಿನಲ್ಲಿ ಅರ್ಧ ದಿನದ ದೂರದಲ್ಲಿ ಇಟ್ಟುಕೊಂಡು, ನಲವತ್ತೊಂಬತ್ತು ವರ್ಷ ಯಾರೂ ನನಗೆ ತೋರಿಸಲಿಲ್ಲವಲ್ಲ! ಹತ್ತೊಂಬತ್ತಕ್ಕೆ ಮದುವೆ, ಇಪ್ಪತ್ತೈದಕ್ಕೆ ನೀನು, ಆಮೇಲೆ ಟಮೋಟ, ರಾಗಿ, ರಾಗಿಗೆ ನುಗ್ಗುವ ಆನೆ, ರೋಜಾ. ಚಪ್ಪಲಿ ಕೈಯಲ್ಲಿ ಹಿಡಿದು ಮೊಣಕಾಲಿನ ತನಕ ಇಳಿದೆ. ಅಲೆ ಬಂದು ಸೊಂಟದ ತನಕ ನೆನೆಸಿ ಹೋಯಿತು. ಆಗ ನಗು ಬಂತು. ಒಬ್ಬಳೇ ಹುಚ್ಚಿಯ ಹಾಗೆ ನಕ್ಕೆ, ಪಕ್ಕದಲ್ಲಿ ಬೇಯಿಸಿದ ಕಡಲೆಯ ಸುಂಡಲ್ ಮಾರುವವಳೂ ನಕ್ಕಳು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಕಾಸಿಮೇಡಿನ ಮೀನು ಬಂದರಿಗೆ ಹೋದೆ. "ಮೀನಿನ ಬುಟ್ಟಿ ಹೊತ್ತವರ ದಾರಿಗೆ ಅಡ್ಡ ನಿಲ್ಲಬೇಡಿ, ಮೊದಲು ನೋಡಿ, ಆಮೇಲೆ ಫೋಟೋ" ಎಂದು ಬರೆದಿದ್ದೀಯ. ದೋಣಿಗಳು ಒಂದರ ಪಕ್ಕ ಒಂದು ನಿಂತಿವೆ, ಹೆಂಗಸರು ಮೀನು ವಿಂಗಡಿಸುತ್ತಿದ್ದಾರೆ. ನೋಡುತ್ತಾ ನಿಂತವಳು ಬೆರಗಾಗಿ ಹೋದೆ. ನಾವು ರೋಜಾ ಕಡ್ಡಿಯನ್ನು ಉದ್ದ ನೋಡಿ ಬೇರೆ ಬೇರೆ ಮಾಡುತ್ತೇವಲ್ಲ, ಅದಕ್ಕಿಂತ ಜೋರು ಇವರ ಕೈ. ಕಣ್ಣು ಗಿರಾಕಿಯ ಮೇಲೆ, ಬಾಯಿ ಜಗಳದಲ್ಲಿ, ಬೆರಳು ಮಾತ್ರ ತನ್ನ ಪಾಡಿಗೆ ಸಣ್ಣದು ದೊಡ್ಡದು ಎಂದು ಎಸೆಯುತ್ತಿದೆ. ನಾನೂ ಇಂಥದ್ದೇ ಕೆಲಸದವಳು ಎಂದು ಒಬ್ಬಾಕೆಗೆ ತಮಿಳಿನಲ್ಲಿ ಹೇಳಿದೆ. ಯಾವ ಊರು ಎಂದಳು. ಹೊಸೂರು ಹತ್ತಿರ ಎಂದರೆ, "ಓ, ಬೆಂಗಳೂರಾ!" ಎಂದಳು. ಬೆಂಗಳೂರಿಗೆ ಹೋದರೆ ನಮ್ಮನ್ನು ತಮಿಳರು ಎನ್ನುತ್ತಾರೆ, ಇಲ್ಲಿ ಬೆಂಗಳೂರಿನವರು ಎನ್ನುತ್ತಾರೆ. ಎರಡಕ್ಕೂ ಹೂಂ ಎಂದುಬಿಡುವುದು ಸುಲಭ. ಆಕೆ ತನ್ನ ಚಹಾದಲ್ಲಿ ಅರ್ಧ ಕೊಟ್ಟಳು.

ಈಗ ನಿನ್ನೆ ನಡೆದ ಮಾನಗೇಡಿನ ಕಥೆ ಕೇಳು. ಶಶಿಕಲಾ ಹೇಗೂ ನಿನಗೆ ಹೇಳಿಯೇ ಹೇಳುತ್ತಾಳೆ, ಅದಕ್ಕೆ ನಾನೇ ಹೇಳುವುದು ವಾಸಿ. ಹಾಸ್ಟೆಲ್ ನಡೆಸುವ ಆ ಹುಡುಗಿಯನ್ನು ನೀನು ಮೆಚ್ಚಿಕೊಂಡದ್ದು ಸುಮ್ಮನೆ ಅಲ್ಲ ಬಿಡು. ಎಲ್ಲರಿಗೂ ಅಕ್ಕನೂ ಅವಳೇ, ಪೊಲೀಸೂ ಅವಳೇ. ಮಧ್ಯಾಹ್ನ ಸುತ್ತಿ ಸುಸ್ತಾಗಿ ಬಂದು ಮಲಗಿದ್ದೆ. ರೂಮಿನಲ್ಲಿ ಇನ್ನೂ ಮೂವರು ಹುಡುಗಿಯರು, ಒಬ್ಬಳು ಪೋಲೆಂಡ್ ದೇಶದವಳು. ಒಳ್ಳೆಯ ನಿದ್ದೆಯಲ್ಲಿ ಢಮಾರ್ ಎಂದು ಪಟಾಕಿ ಸದ್ದು, ಹಿಂದೆಯೇ ತಮಟೆ, ಜನರ ಕೂಗು. ಸಾನಮಾವು ಕಾಡಿನ ಅಂಚಿನಲ್ಲಿ ಬಾಳಿದವಳಿಗೆ ಆ ಸದ್ದಿಗೆ ಇನ್ನೊಂದು ಅರ್ಥ ಹೊಳೆಯುತ್ತದಾ? ಆನೆ ರಾಗಿ ಹೊಲಕ್ಕೆ ನುಗ್ಗಿದೆ, ಪಟಾಕಿ ಹೊಡೆದು ಓಡಿಸುತ್ತಿದ್ದಾರೆ ಎಂದೇ ಲೆಕ್ಕ. ಎದ್ದವಳೇ, "ಆನೆ! ಯಾನೈ! ಏನುಗು!" ಎಂದು ಮೂರೂ ಭಾಷೆಯಲ್ಲಿ ಕಿರುಚಿಕೊಂಡು, ಮೂವರನ್ನೂ ಮಂಚದಿಂದ ಎಳೆದು, ಊರಿನಲ್ಲಿ ಮಕ್ಕಳನ್ನು ಮಾಳಿಗೆಗೆ ಹತ್ತಿಸುವ ಹಾಗೆ ಮೆಟ್ಟಿಲು ಹತ್ತಿಸಿದೆ. ಪೋಲೆಂಡಿನವಳು ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದೇ ಓಡಿದಳು, "ಎಲಿಫೆಂಟ್? ವೇರ್?" ಎನ್ನುತ್ತಾ.

ಮೇಲಿಂದ ಬಗ್ಗಿ ನೋಡಿದರೆ ಹೆಣದ ಮೆರವಣಿಗೆ. ಈ ಊರಿನಲ್ಲಿ ಸತ್ತವರನ್ನು ಹಾಗೆ ಪಟಾಕಿ ಹೊಡೆದು, ಕುಣಿದು, ದಾರಿಯುದ್ದಕ್ಕೂ ಹೂ ಚೆಲ್ಲಿ ಕಳಿಸುತ್ತಾರಂತೆ. ಸತ್ತದ್ದು ಎಂಬತ್ತು ದಾಟಿದ ಅಜ್ಜಿ, ಅವಳ ಮೊಮ್ಮಕ್ಕಳು ಮುಂದೆ ಕುಣಿಯುತ್ತಿದ್ದರು. ನನಗೆ ನಾಚಿಕೆಯಿಂದ ಭೂಮಿಗೆ ಇಳಿದು ಹೋದ ಹಾಗಾಯಿತು. ಶಶಿಕಲಾ ಓಡಿ ಬಂದು ವಿಷಯ ತಿಳಿದು, ಆ ಹುಡುಗಿಯರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಯಾರೂ ನಗಲಿಲ್ಲ ಮೊದಲು. ಪೋಲೆಂಡಿನವಳು ಕ್ಯಾಮೆರಾ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡಳು. ತನ್ನನ್ನು ಉಳಿಸಲು ನಾನು ಓಡಿದೆನಲ್ಲ ಎಂದು ಅವಳಿಗೆ ಸಂತೋಷವಂತೆ. ಆಮೇಲೆ ಎಲ್ಲರೂ ಸೇರಿ ನಕ್ಕೆವು, ನಕ್ಕು ನಕ್ಕು ನನಗೆ ಕಣ್ಣೀರು. ಕೆಳಗೆ ರಸ್ತೆಯ ಮೇಲೆ ಬಿದ್ದಿದ್ದ ರೋಜಾ ನಮ್ಮ ಕಡೆಯದೇ, ಆ ಕೆಂಪು ನನಗೆ ಗೊತ್ತಾಗುವುದಿಲ್ಲವೇ. ಸಂಜೆ ಹುರಿಹಿಟ್ಟಿಗೆ ಬೆಲ್ಲ, ಬಾಳೆಹಣ್ಣು ಕಲಸಿ ಎಲ್ಲರಿಗೂ ಕೊಟ್ಟೆ. ಪೋಲೆಂಡಿನವಳು ಡಬ್ಬದ ತಳ ಕೆರೆದಳು. ನಿಮ್ಮಪ್ಪನಿಗೆ ಹೇಳಬೇಕು.

ಹುರಿಹಿಟ್ಟು ತಿನ್ನುವಾಗ ಶಶಿಕಲಾ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಅವಳು ತಮಿಳಿನಲ್ಲಿ ಹೇಳಿದಳು, ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. "ಅಕ್ಕಾ, ಇಲ್ಲಿ ಊರು ತೋರಿಸುವವರು ಬೇಕಾದಷ್ಟು ಜನ ಬರುತ್ತಾರೆ. ಎಲ್ಲರೂ ಇಸವಿ ಹೇಳುತ್ತಾರೆ, ಯಾರು ಕಟ್ಟಿಸಿದರು ಎಂದು ಹೇಳುತ್ತಾರೆ. ನಿಮ್ಮ ಮಗಳು ಬಂದ ಮೂರು ದಿನ, ದಾರಿಯಲ್ಲಿ ಸಿಕ್ಕ ಇಸ್ತ್ರಿಯವನ ಹೆಸರು ಕೇಳಿ, ಅವನನ್ನು ಹನ್ನೊಂದು ಜನಕ್ಕೆ ಪರಿಚಯ ಮಾಡಿಸಿದಳು. ವಾರ ಕಳೆದ ಮೇಲೂ ಅವನು ಆ ಹುಡುಗಿ ಎಲ್ಲಿ ಎಂದು ಕೇಳುತ್ತಿದ್ದ." ಕೇಳುತ್ತಾ ನನಗೆ ಹೆಮ್ಮೆಯಾಯಿತು. ಆದರೂ ಅಲ್ಲೇ ಕೂತಿರಲು ಆಗಲಿಲ್ಲ. ಎದ್ದು ಹೋಗಿ ಡಬ್ಬ ತೊಳೆದೆ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಇದು, ಮಾಲಿನಿ. ನೀನು ಈ ಊರಿಗೆ, ಈ ಕೆಲಸಕ್ಕೆ ಹೇಳಿ ಮಾಡಿಸಿದವಳು. ಬೋರ್ಡಿಗೆ ಸ್ಕ್ರೂ ಹಾಕಿದೆಯಾ ಇಲ್ಲವಾ ಎಂದು ದಿನಕ್ಕೆ ಎಂಟು ಗಂಟೆ ನೋಡುವುದಕ್ಕೆ ಆ ಕಣ್ಣು ದಂಡ. ಮದುವೆ ಬೇಡ ಎಂದು ನಾನು ಹೇಳುತ್ತಿಲ್ಲ. ಕಿರಣ್‌ಕುಮಾರ್ ನಿನಗೆ ನಿಜವಾಗಿ ಹಿಡಿಸಿದ್ದರೆ ಬಾಯಿ ತುಂಬಾ ಹೇಳು, ಚಪ್ಪರ ಹಾಕಿಸುತ್ತೇನೆ. ಬೇರೆ ದಾರಿಯಿಲ್ಲ ಎಂದು ಒಪ್ಪಿದ್ದರೆ ಅದನ್ನೂ ಬಾಯಿಬಿಟ್ಟು ಹೇಳು. ನಾಳೆ ಬೆಳಿಗ್ಗೆ ಬಸ್ಸು ಹತ್ತುತ್ತೇನೆ. ಈ ಕಾಗದ ನಿನ್ನ ಪಿಜಿಗೆ ಸೋಮವಾರವೋ ಮಂಗಳವಾರವೋ ಬರುತ್ತದೆ. ಅಷ್ಟರಲ್ಲಿ ನಾನು ಮನೆಯಲ್ಲಿರುತ್ತೇನೆ.

ಹೊತ್ತಿಗೆ ಸರಿಯಾಗಿ ತಿನ್ನು, ಶಿಫ್ಟ್ ಮುಗಿದ ಮೇಲೆ ಬರೀ ಬಿಸ್ಕತ್ತಿನಲ್ಲಿ ಕಾಲ ತಳ್ಳಬೇಡ. ನಿನ್ನ ಕಾಲು ಎಲ್ಲಿಗೆ ಹೋಗಬೇಕು ಎನ್ನುತ್ತದೋ ಅಲ್ಲಿಗೆ ಹೋಗುವಂತಾಗಲಿ, ಹೋದ ಕಡೆ ಒಳ್ಳೆಯ ಜನ ಸಿಗಲಿ, ಬೊಬ್ಬೆ ಏಳದಿರಲಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಆದಿಲಕ್ಷ್ಮಿ

ತಾ.ಕ. — ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯದಿದ್ದರೆ ಮೇಲೆ ಬರೆದದ್ದೆಲ್ಲ ಸುಳ್ಳು.

ಬುಧವಾರ ನಾನು ಗೇಟಿನೊಳಗೆ ಬಂದ ಕೂಡಲೇ ಶಶಿಕಲಾ ಬ್ಯಾಗಿನ ಗುರುತು ಹಿಡಿದಳು. "ಮಾಲಿನಿ ಅಮ್ಮನಾ? ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳಾ? ಮಗು ಏನಾದರೂ?" ಎಂದು ಕೇಳಿದಳು. ನಾನು ಚೆನ್ನಾಗಿದ್ದಾಳೆ ಎಂದೆ.

ಅವರು ನಿನಗೆ ಕರೆ ಮಾಡಿದ್ದರು, ಮಾಲಿನಿ. ಹೇಳಿದ ಮಾತಿನಂತೆ ಹತ್ತನೇ ದಿನಕ್ಕೇ ಮಾಡಿದ್ದರು. ಕ್ಯಾಮೆರಾ ಇರುವ ಫೋನನ್ನು ನಿಮ್ಮ ಫ್ಯಾಕ್ಟರಿಯ ಗೇಟಿನೊಳಗೆ ಬಿಡುವುದಿಲ್ಲವಲ್ಲ, ಆಗ ನೀನು ಮನೆಯಿಂದಲೇ ಕಂಪನಿ ಬಸ್ಸಿಗೆ ಹೋಗುತ್ತಿದ್ದೆ, ಫೋನು ಅಡುಗೆಮನೆಯ ಗೂಡಿನಲ್ಲಿ ಇರುತ್ತಿತ್ತು. ನಾನು ಎತ್ತಿದೆ. ಕೆಲಸ ಮಾಲಿನಿಗೇ ಎಂದಳು ಶಶಿಕಲಾ. ನಾನು, "ಅವಳಿಗೆ ಮದುವೆ ಗೊತ್ತಾಗಿದೆ, ಬರುವುದಿಲ್ಲ, ಮತ್ತೆ ಕರೆ ಮಾಡಬೇಡಿ" ಎಂದು ತಮಿಳಿನಲ್ಲಿ ಚೆನ್ನಾಗಿ ಹೇಳಿದೆ. ಆಗ ಯಾವ ಗಂಡೂ ಇರಲಿಲ್ಲ. ಕರೆ ಬಂದ ಗುರುತನ್ನೂ ಅಳಿಸಿದೆ. ಅಳಿಸುವುದನ್ನು ಕಲಿಸಿದವಳು ನೀನೇ. ನೀನೇ ಒಂದು ಸಲ ವಿಚಾರಿಸು ಎಂದು ನಿಮ್ಮಪ್ಪ ಹೇಳಿದಾಗ, ನೀನು "ಬೇಕಿದ್ರೆ ಅವ್ರೇ ಕರೀತಿದ್ರು, ನಾನ್ಯಾಕೆ ಅಂಗಲಾಚ್ಲಿ" ಎಂದೆ. ನಿನ್ನ ಸ್ವಾಭಿಮಾನ ನನಗೆ ಗೊತ್ತಿತ್ತು. ಅದನ್ನೇ ನಂಬಿಕೊಂಡು ಬಾಯಿ ಮುಚ್ಚಿಕೊಂಡಿದ್ದೆ.

ಹೆಣ್ಣುಮಗಳು ದೂರದ ಊರಿನಲ್ಲಿ ಒಬ್ಬಳೇ ಎಂಬ ಭಯದಿಂದ ಮಾಡಿದೆ ಎಂದು ಎಂಟು ತಿಂಗಳು ನನಗೆ ನಾನೇ ಹೇಳಿಕೊಂಡೆ. ಭಯವಲ್ಲ. ಅವತ್ತು ಫೋನಿನಲ್ಲಿ ಶಶಿಕಲಾಳ ಹಿಂದೆ ಏನೋ ಹೋ ಎನ್ನುವ ಸದ್ದಿತ್ತು. ಅದೇನು ಸದ್ದಮ್ಮ ಎಂದು ಕೇಳಿದೆ. "ಸಮುದ್ರ ಅಕ್ಕಾ, ಬೀಚಿನಿಂದ ಮಾತಾಡ್ತಿದ್ದೀನಿ" ಎಂದಳು. ಒಲೆಯ ಮುಂದೆ ನಿಂತಿದ್ದೆ. ನಾನು ಒಂದು ದಿನವೂ ನೋಡದೇ ಇದ್ದದ್ದನ್ನು ನೀನು ಇನ್ನು ದಿನಾ ನೋಡುತ್ತೀಯ ಅನ್ನಿಸಿತು. ಅದು ಹೊಟ್ಟೆಕಿಚ್ಚು, ಮಗಳೇ. ಹೆತ್ತ ಮಗಳ ಮೇಲೆ.

ಇವತ್ತು ಬೆಳಿಗ್ಗೆ ಶಶಿಕಲಾಗೆ ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಅವಳು ನನ್ನ ಮುಖ ನೋಡಲಿಲ್ಲ. ಆ ಕೆಲಸಕ್ಕೆ ಬೇರೆ ಹುಡುಗಿ ಬಂದಿದ್ದಾಳಂತೆ, ಜೂನ್‌ನಲ್ಲಿ ಇನ್ನೊಬ್ಬರು ಬೇಕಾಗಬಹುದಂತೆ. "ನಿಮ್ಮ ಹತ್ತಿರ ಏನೂ ಮಾತಾಡಲ್ಲ, ಅವಳೇ ಮಾತಾಡಲಿ" ಎಂದಳು. ಸರಿಯಾಗಿಯೇ ಹೇಳಿದಳು.

ಇದನ್ನು ಓದಿದ ಮೇಲೆ ನೀನು ನನ್ನ ಜೊತೆ ಮಾತಾಡದಿದ್ದರೂ ಸರಿ. ಎಲೆಯಡಿಕೆ ಬೇಡ ಎಂದು ಒಂದು ಮೆಸೇಜು ಹಾಕಿದರೆ ಸಾಕು, ಸೂಳಗಿರಿಗೆ ನಾನೇ ಹೋಗುತ್ತೇನೆ. ನಿಮ್ಮಪ್ಪನನ್ನು ಕಳಿಸುವುದಿಲ್ಲ. ಹುಡುಗಿ ಒಪ್ಪಲಿಲ್ಲ ಎಂದು ಹೇಳುವುದಿಲ್ಲ. ಹುಡುಗಿಯ ತಾಯಿ ತಪ್ಪು ಮಾಡಿದಳು ಎಂದು ಅವರ ಅಂಗಳದಲ್ಲಿ ನಿಂತು ಹೇಳುತ್ತೇನೆ.